ಉಲ್ಟಾ ಹಾಕಿದ ದೀಪ

ಬಿಬಿ ನೂರಾ ಹನ್ನೆರಡು ಇದೆಯಾ ಅಂತ ಕೇಳಿದೆ
ಮಂಡ್ಯದ ಪೇಟೆಬೀದಿಯ ನಾಲ್ಕು ಅಂಗಡಿಯಲ್ಲಿ.
ಬಸ್ ನಂಬರಾ ಅಂದ ಒಬ್ಬ.
ಇನ್ನೊಬ್ಬ ಬಲ್ಬಿನ ಡಬ್ಬಿ ತೆರೆದ.

ದೇವೀರಮ್ಮ ಮೇಡಂ ನಗಲಿಲ್ಲ.
ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ
ಹುಡುಗರು ಸುಟ್ಟದ್ದನ್ನೆಲ್ಲ ಬಿಚ್ಚಿ
ಹಾರ್ಲಿಕ್ಸ್ ಬಾಟ್ಲಿಗೆ ತುಂಬಿಟ್ಟವರು.
ಬಾಟ್ಲಿ ಬಗ್ಗಿಸಿ, ಮೇಜಿನ ಮೇಲೆ ಹರಡಿ,
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ಕೊಟ್ಟರು
ಒಂದು ಕೆಂಪು ಎಲ್‌ಇಡಿ.
ಆಲೆಮನೆಯ ತಕ್ಕಡಿಯದಂತೆ. ಒಂದು ಕಾಲು ಮೋಟು.

'ಉಲ್ಟಾ ಹಾಕು.'
'ಉರಿಯಲ್ಲ ಮೇಡಂ.'
'ಉರೀಲಿ ಅಂತ ಯಾರಂದ್ರು?'

ಬೆಸುಗೆಯ ಹೊಗೆ ಕಣ್ಣಿಗೆ ಬಂತು. ಹಾಕಿದೆ.
ಒಳಗಿಂದ ಚಿಲಕ ಹಾಕಿದ ಬಾಗಿಲು:
ಒಂದು ಹನಿ ಕರೆಂಟೂ ದಾಟುವುದಿಲ್ಲ.
ನಡುವೆ, ಎರಡೂ ಕಡೆಯವರು ಬಿಟ್ಟುಕೊಟ್ಟ
ಒಂದು ಬದು.
ವೋಲ್ಟು ಏರಿಸಿದರೆ ಬದು ಅಗಲ,
ಇಳಿಸಿದರೆ ಕಿರಿದು.
ಅಗಲವಾದಷ್ಟೂ ಆಚೀಚೆಯವರ ಸೆಳೆತ ಸಡಿಲ,
ಸಡಿಲವಾದಷ್ಟೂ ಕಾಯಿಲಿನ ಕೊರಳು ಮೇಲೆ, ಇನ್ನೂ ಮೇಲೆ.

'ಗ್ಯಾಂಗ್ ಕಂಡೆನ್ಸರ್ ನೋಡಿದ್ಯಾ?'
ನೋಡಿದ್ದೆ. ತಟ್ಟೆಯ ಸಂದಿಗೆ ತಟ್ಟೆ ಹೋಗುವ,
ಧೂಳು ಕೂತರೆ ಕರಕರ ಅನ್ನುವ
ತಾತನ ರೇಡಿಯೋದ ಹೊಟ್ಟೆ.
'ಅದು ಮಾಡೋ ಕೆಲಸಾನೇ ಇದೂ ಮಾಡೋದು.
ತಿರುಗೋ ತಟ್ಟೆ ಇಲ್ಲ, ಅಷ್ಟೇ.'

ನಾಬು ತಿರುಗಿಸಿದೆ. ಸಿಳ್ಳೆ ಏರಿತು.
ಏಳು ಮೆಗಾಹರ್ಟ್ಸಿನ ಅಂಚಿನಲ್ಲಿ
ಯಾರೋ ಕೆಮ್ಮಿ, ತಮಿಳಿನಲ್ಲಿ ತಮ್ಮೂರ ಬಿಸಿಲಿನ ಸುದ್ದಿ ಹೇಳಿದರು.
ಸಿಕ್ಕಿದರು ಅನ್ನುವಷ್ಟರಲ್ಲಿ
ನಾಲೆಯ ಪಕ್ಕದ ಪಂಪುಗಳಿಗೆ ತ್ರೀಫೇಸ್ ಬಿಟ್ಟರು.
ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು
ಜಲ್ಲಿ ರಸ್ತೆಯಲ್ಲಿ ಮಾತಾಡಿದ ಹಾಗೆ ನಡುಗಿತು ದನಿ.
ಊರ ಕರೆಂಟೆಲ್ಲ ಆ ಬದುವಿನ ಮೇಲೆ ನಡೆದಾಡಿತು.

'ದಾರಿಗೆ ಒಂದು ಲಕ್ಷ ಓಮ್ ಇಡು. ಮಗ್ಗುಲಿಗೊಂದು ಕೆಪಾಸಿಟರ್.'
'ಲಕ್ಷವಾ? ಅದಕ್ಕೆ ಇನ್ನೇನು ಸಿಗುತ್ತೆ ಮೇಡಂ?'
'ಅದಕ್ಕೇನು ಬೇಕು ಕಣವ್ವ, ಅದು ಕುಡಿಯೋದೇ ಇಲ್ಲ.
ಎಷ್ಟು ಒತ್ತಡ ಅಂತ ಗೊತ್ತಾದ್ರೆ ಸಾಕು.'

ನಡುಕ ನಿಂತಿತು.

ಐದೂವರೆಗೆ ಬೀಗ ಹಾಕಬೇಕು.
ಪಡುವಣ ಕಿಟಕಿಯ ಬಿಸಿಲು ಮೇಜು ಹತ್ತಿ,
ಮೀಟರು ದಾಟಿ, ಎಲ್‌ಇಡಿಯ ತಲೆ ಮುಟ್ಟಿತು.
ತಮಿಳರ ದನಿ ಮೆಲ್ಲಗೆ ಜಾರಿತು.
ನಾನು ನಾಬು ಮುಟ್ಟಿಲ್ಲ, ಆಣೆಗೂ ಮುಟ್ಟಿಲ್ಲ.

ಮೇಡಂ ಟಿಫಿನ್ ಕ್ಯಾರಿಯರ್ ಕೆಳಗಿಟ್ಟು
ಅಂಗೈ ಬಟ್ಟಲು ಮಾಡಿ ಆ ಕೆಂಪಿನ ಮೇಲೆ ಹಿಡಿದರು,
ಗಾಳಿಗೆ ದೀಪ ಕಾಯುವ ಹಾಗೆ.
ದನಿ ತನ್ನ ಜಾಗಕ್ಕೆ ಬಂತು.

'ಇದಕ್ಕೆ ಬೆಳಕು ಕಾಣುತ್ತೆ,' ಅಂದರು ಕೈ ತೆಗೆಯದೆ.
'ನಾಳೆ ಕರಿ ಟೇಪು ತಾ.'