ಹುಟ್ಟಿಗೆ ಕಿವಿ

ಕೋಯಿಪಾಡಿಯ ಆಚೆ, ಹನ್ನೆರಡು ಮಾರು ಆಳದಲ್ಲಿ
ಹಳದಿ ಕೊಳವೆಯೊಂದನ್ನು ಕಟ್ಟಿ ಬಂದರು.
ತಾನಾಗೇ ಕೇಳುತ್ತದಂತೆ, ನಲವತ್ತು ದಿನ,
ಊಟವಿಲ್ಲ, ಬೀಡಿಯಿಲ್ಲ.

ದೋಣಿ ಕೊಟ್ಟ ವಾಮನ ಪುತ್ರನ್ ನಕ್ಕ:
ನನ್ನಪ್ಪ ಹುಟ್ಟನ್ನು ನೀರಿಗಿಳಿಸಿ
ಹಿಡಿಗೆ ಕಿವಿಯಿಟ್ಟು
ಬೂತಾಯಿಯೋ ಬಂಗುಡೆಯೋ ಹೇಳುತ್ತಿದ್ದ.
ಅವನಿಗೇನು ಬ್ಯಾಟರಿ ಇತ್ತೇ?

ದೀಪಾವಳಿ ಕಳೆದು ಎತ್ತಿದರು. ಮೈತುಂಬ ಚಿಪ್ಪು.
ಮೀನು ಹರಾಜಿನ ಕಟ್ಟೆಯ ಮೇಲೆ
ಫಸೀಲಾ ಲ್ಯಾಪ್‌ಟಾಪ್ ತೆರೆದಳು.
ಟ್ರಾಲರು. ಟ್ರಾಲರು. ಮತ್ತೆ ಟ್ರಾಲರು.
ಆಮೇಲೆ, ರಾತ್ರಿ ಎರಡೂಕಾಲಕ್ಕೆ,
ಡಬ್ಬಿಯೊಳಗೆ ಯಾರೋ ಹುಣಸೆಬೀಜ ಅಲ್ಲಾಡಿಸಿದಂತೆ
ಕಟಕಟಕಟ, ಹತ್ತಿರ, ಇನ್ನೂ ಹತ್ತಿರ.
ತುಳುವರ ಕಡಲಪಂಜಿ, ಮಲಯಾಳಿಗರ ಕಡಲ್ಪನ್ನಿ,
ಪರದೆಯಲ್ಲಿ ಬರೀ ನೀಲಿ ಗೆರೆ.

ವಾಮನ ಈಗ ನಗಲಿಲ್ಲ.
ಇದು ಕೇಳಿಸಿದರೆ ಅಪ್ಪ
ಮೀನಿನ ಹೆಸರು ಹೇಳುತ್ತಲೇ ಇರಲಿಲ್ಲ, ಅಂದ.
ಹುಟ್ಟು ಮೇಲೆತ್ತಿ ಒರೆಸಿ,
ಬಲೆ ಮಡಚಿಡುತ್ತಿದ್ದ.