ಸೊನ್ನೆಯೂ ಒಂದು ಮಟ್ಟ

ಸೆಗೆದ್ ಊರು, ಮಾರ್ಚ್ ತಿಂಗಳು, ನಡುರಾತ್ರಿ ಕಳೆದಿದೆ.
ಕಾರ್ಪಾತಿಯದ ಹಿಮ ಕರಗಿ ತಿಸಾ ಹೊಳೆ
ದಡದ ವಿಲೋ ಮರಗಳ ಮೊಳಕಾಲು ಮುಟ್ಟಿದೆ.
ಜಲಮಾಪನ ಕಚೇರಿಯ ಎರಡನೇ ಮಹಡಿಯಲ್ಲಿ
ನಾನು, ಕೆಮ್ಮುವ ಒಂದು ಹೀಟರು, ಮತ್ತು
ಆರು ವಾರಕ್ಕೊಮ್ಮೆ ಸಾಯುವ ಈ ಪ್ರೋಗ್ರಾಮು.

ಬರೆದವಳು ಶಾರೊಲ್ತಾ,
ನನ್ನ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ.
ಅವಳೀಗ ಇಲ್ಲ. ಮೂಲ ಬರಹದ ಡಿಸ್ಕು
ನೆಲಮಾಳಿಗೆಗೆ ನೀರು ನುಗ್ಗಿದ ವರ್ಷ ಹೋಯಿತು.
ಉಳಿದದ್ದು ಓಡುತ್ತಿರುವುದು ಮಾತ್ರ,
ಒಳಗೇನಿದೆಯೆಂದು ಯಾರಿಗೂ ಹೇಳದೆ.

ಬಿಚ್ಚಿ ನೋಡುವ ಹಾಗಿಲ್ಲ.
ನಿಲ್ಲಿಸುವ ಹಾಗಂತೂ ಇಲ್ಲವೇ ಇಲ್ಲ, ನೆರೆಯ ಕಾಲ.
ಹೊಸಿಲ ಬಳಿ ಹೋಗಿ ಕೂತೆ.

ಎಷ್ಟೇ ಬಿಗುಮಾನದ ಮನೆಯಾದರೂ
ಹೆಪ್ಪಿಗೆ, ಉಪ್ಪಿಗೆ, ಬೆಂಕಿಪೊಟ್ಟಣಕ್ಕೆ
ನೆರೆಮನೆಗೆ ಬರಲೇಬೇಕಲ್ಲ.
ಇದೂ ಹಾಗೆಯೇ: ಪದದ ಉದ್ದ ಅಳೆಯಲು,
ಅಂಗೈಯಗಲ ಜಾಗ ಕಡ ತರಲು,
ಗಂಟೆಯೆಷ್ಟೆಂದು ಕೇಳಲು
ಊರಿಗೆಲ್ಲ ಸೇರಿದ ಲೈಬ್ರರಿಯ ಕದ ತಟ್ಟುತ್ತದೆ.
ಪ್ರತಿ ಸಲವೂ ತಡೆದು, ಬರೆದುಕೊಂಡು, ಬಿಡುತ್ತೇನೆ
ಸುಂಕದ ಕಟ್ಟೆಯವಳು;
ಸುಖದುಃಖ ವಿಚಾರಿಸುವುದಿಲ್ಲ.
ಆವರಣದೊಳಗೆ ಕೇಳಿದ್ದು,
ಸಮಚಿಹ್ನೆಯ ಬಲಕ್ಕೆ ಸಿಕ್ಕಿದ್ದು.

ಸ್ಟ್ರ್‌ಲೆನ್("ಸೊಲ್ನೊಕ್") = ೭

ಪರದೆ ತುಂಬ ಇಂಥವೇ.
ತಂದ ಪಾತ್ರೆಯನ್ನು ತೊಳೆದು ಮರಳಿಸಿದ್ದು,
ಮತ್ತೆ ತಂದದ್ದು, ಮತ್ತೆ ಮರಳಿಸಿದ್ದು.
ಎಷ್ಟು ಮರ್ಯಾದಸ್ಥ ಮನೆ! ಶಾರೊಲ್ತಾ ಕೂಡ
ಎರವಲು ಪೆನ್ಸಿಲನ್ನು ಚೂಪು ಮಾಡಿ ಕೊಡುತ್ತಿದ್ದಳಂತೆ.

ಮೂರು ಹೊಡೆಯಿತು. ಆಗ ಬಂತು:

ಎಫ್‌ಓಪನ್("ಮಿಂಡ್‌ಸೆಂತ್"...)
ಸ್ಲೀಪ್(೪೦) = ೦
ಎಫ್‌ಗೆಟ್ಸ್(...) = ೦

ಅಷ್ಟೇ. ತೆರೆಯಿತು, ಕಾಯಿತು,
ಏನೂ ಸಿಗಲಿಲ್ಲ. ಹಾಗೇ ಎದ್ದು ಹೋಯಿತು
ಬಾಗಿಲು ಹಾಕದೆ.
ನಾಲ್ಕಕ್ಕೂ ಅದೇ. ಐದಕ್ಕೂ.
ಗಂಟೆಗೊಂದು ತೆರೆದ ಕದ; ಲೆಕ್ಕ ಹಾಕಿದೆ,
ಸಾವಿರದಿಪ್ಪತ್ತನಾಲ್ಕರ ಮೇಲೆ ಯಂತ್ರ ಕೊಡುವುದಿಲ್ಲ,
ನಲವತ್ತೆರಡು ದಿನ, ಮೇಲೊಂದಿಷ್ಟು ಗಂಟೆ.

ಸಾವಿನ ಕಾರಣ ಸಿಕ್ಕಿತು. ನಿದ್ದೆಯದು ಸಿಗಲಿಲ್ಲ.
ನಲವತ್ತು ಸೆಕೆಂಡು ಯಾರ ದಾರಿ ಕಾಯುವುದು?

"ವೆಂದೆಲ್ ಇರಬೇಕು," ಅಂದ ಕಾವಲಿನ ಓಡೋನ್,
ಗ್ಲಾಸಿನ ಚಹಾ ಊದುತ್ತ.
"ಮಿಂಡ್‌ಸೆಂತಿನ ಅಳತೆಗೋಲಿನವನು.
ಹೋದ ಅಕ್ಟೋಬರಿನಲ್ಲಿ ಸೊಂಟ ಮುರಿದುಕೊಂಡ."

ಬೆಳಗಾದ ಮೇಲೆ ಫೋನು ಮಾಡಿದೆ.
ತಂಗಿಯ ಮನೆಯಲ್ಲಿದ್ದಾನೆ, ಕಿವಿ ಮಂದ.
ಎರಡು ಸಲ ಕೂಗಿ ಕೇಳಿದೆ.
"ನಲವತ್ತಾ? ಹೊಳೆಯಿಂದ ಮೇಲಕ್ಕೆ
ಮೆಟ್ಟಿಲು ಮೂವತ್ತೆಂಟು.
ಎರಡು ಕೆಮ್ಮಿಗೆ.
ಒಮ್ಮೆ ಬಂದು ನನ್ನ ಹಿಂದೆಯೇ ಹತ್ತಿ ಎಣಿಸಿದಳು, ಆ ಹುಡುಗಿ."

ಮೂಲವಿಲ್ಲ, ತಿದ್ದಲಾರೆ, ಅಂದೆ.
ಗಂಟೆಗೊಂದು ಸಾಲು ಕಡತಕ್ಕೆ ಹಾಕಿಬಿಡುತ್ತೇನೆ,
ಸಿಕ್ಕಿತೆಂದು ತಿಳಿದು ಬಾಗಿಲು ಹಾಕಿಕೊಳ್ಳಲಿ.
ಸೊನ್ನೆ ಬರೆದರೆ ಆದೀತಲ್ಲ?

"ಸೊನ್ನೆ ಬೇಡ!" ದನಿ ಏರಿತು.
"ಸೊನ್ನೆಯೂ ಒಂದು ಮಟ್ಟ. ಕೋಲಿನ ಮೇಲಿದೆ, ಕೆಂಪು ಬಣ್ಣದ್ದು.
ಬರ ಬಂದ ವರ್ಷ ನೀರು ಅದಕ್ಕೂ ಕೆಳಗೆ ಇಳಿದಿತ್ತು.
ಮಂಜು ಮುಸುಕಿ ಕೋಲು ಕಾಣದಿದ್ದರೆ
ನಾನು ಅಡ್ಡಗೆರೆ ಎಳೆಯುತ್ತಿದ್ದೆ. ಅವಳಿಗೆ ಗೊತ್ತು."

ಅವಳಿಗೆ ಗೊತ್ತಿತ್ತು.
ಒಂಬತ್ತಕ್ಕೆ ಮತ್ತೆ ಹೊಸಿಲಲ್ಲಿ ಕೂತು ನೋಡಿದೆ:
ತೆರೆಯಿತು, ಮಲಗಿತು, ಎದ್ದು ಓದಿತು
ನಾನೆಳೆದ ಗೆರೆಯನ್ನು.

ಎಫ್‌ಕ್ಲೋಸ್(...) = ೦

ಇಲ್ಲಿ ಸೊನ್ನೆಯೆಂದರೆ ಕದ ಹಾಕಿತು, ಎಲ್ಲ ನೆಟ್ಟಗಿದೆ.
ಮೇಲೆ, ಆ ಎಫ್‌ಗೆಟ್ಸಿನ ಸೊನ್ನೆಗೆ
ಯಾರೂ ಬರಲಿಲ್ಲವೆಂದು ಅರ್ಥ.
ಒಂದೇ ಗುಂಡು, ಒಂದೇ ಬಲಬದಿ.

ಆ ನಲವತ್ತನ್ನು ಏನೂ ಮಾಡಿಲ್ಲ.
ತಡವೇಕೆಂದು ಮೇಲಿನವರು ಕೇಳುತ್ತಾರೆ, ಕೇಳಲಿ.
ಮೆಟ್ಟಿಲು ಹತ್ತುತ್ತಿದ್ದಾನೆ,
ತಡೆಯಿರಿ.