ಕುಂಬಳೆ, ಕಬಳ

ರಾತ್ರಿಯ ಲೋಕಲ್ ಮಂಗಳೂರಿಗೆ ಹೋದ ಮೇಲೆ
ಅಂಗಡಿಯ ಶಟರ್ ಅರ್ಧ ಇಳಿಸಿ ಕೂತೆ.
ಮೇಜಿನ ಮೇಲೆ ಮೂರು ಲಿಪಿಯ ಮದುವೆ ಕಾಗದ:
ವರನ ಕಡೆಗೆ ಕನ್ನಡ, ವಧುವಿನ ಕಡೆಗೆ ಮಲಯಾಳ,
ಗಲ್ಫಿನ ಭಾವಂದಿರಿಗೆ ಇಂಗ್ಲಿಷು.

ಅಂಗಾರಣ್ಣನ ಬಗ್ಗೆ ಬರೆದಿಟ್ಟಿದ್ದೆ.
ಮೂವತ್ತೆಂಟು ಸುರಂಗ ತೋಡಿದವನು;
ಮುರಕಲ್ಲಿನೊಳಗೆ ಮೇಣದಬತ್ತಿ ನಂದಿದರೆ
ಹೊರಗೆ ಬರಬೇಕು, ಅಷ್ಟೇ ಅವನ ಶಾಸ್ತ್ರ.
ಬರೆದದ್ದನ್ನು ಪುಟ ಮಾಡಿಕೊಡುವ ಉಪಕರಣಕ್ಕೆ ಕಾಸಿಲ್ಲ,
ಅದರ ಹೊಟ್ಟೆಯೊಳಗಿನ ಕೋಡೂ ತೆರೆದೇ ಇದೆ,
ನೆರೆಮನೆಯ ಬಾವಿಯ ಹಾಗೆ.
ಹಗ್ಗ ಮಾತ್ರ ನಾವೇ ತರಬೇಕು.

ಪುಟ ಚೆನ್ನಾಗಿಯೇ ಬಂತು. ವಿಳಾಸದಲ್ಲಿ ಮಾತ್ರ
‘ಸುರಂಗ ತೋಡುವ ಅಂಗಾರ’ ಹೋಗಿ
‘ಸರಗ-ತಡವ-ಅಗರ’.

ಇನ್ನೊಂದು ಕೊಟ್ಟು ನೋಡಿದೆ. ಮಂಜೇಶ್ವರ: ಮಜಶವರ.
ಕಾಸರಗೋಡು: ಕಸರಗಡ.
ಕುಂಬಳೆ ಕೊಟ್ಟೆ.
ಕಬಳ ಎಂದಿತು.

ಬೆಳಿಗ್ಗೆ ದೂಮಣ್ಣ ಬಂದರು, ಹಳೆ ಪ್ರೆಸ್ಸಿನಲ್ಲಿ
ಇಪ್ಪತ್ತಾರು ವರ್ಷ ಅಚ್ಚುಮೊಳೆ ಜೋಡಿಸಿದವರು.
ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿ
‘ಎಂತದು ಮಾರಾಯ್ತಿ, ಇದಕ್ಕೆ ಕಾಗುಣಿತವೇ ಬರುವುದಿಲ್ಲ!
ಕೊಂಬು ಮುರಿದಿದೆ, ಗುಡಿಸನ್ನು ಗುಡಿಸಿ ಹಾಕಿದೆ,
ಒತ್ತಿನ ಖಾನೆ ಯಾರೋ ಕೆಳಗೆ ಬೀಳಿಸಿದ್ದಾರೆ.’

ನಿಜ. ಇಳಿದು ಹುಡುಕಿದರೆ ಒಂದೇ ಒಂದು ಸಾಲು:
ಅಕ್ಷರವಲ್ಲದ್ದನ್ನೆಲ್ಲ ಕಿತ್ತು ಬಿಸಾಡು.
ಬರೆದವರಿಗೆ ಕೆಟ್ಟ ಮನಸ್ಸೇನಿಲ್ಲ,
ಅಕ್ಷರದ ಮೇಲೆ ಕೆಳಗೆ ಪಕ್ಕದಲ್ಲಿ
ಇಷ್ಟೊಂದು ಜನ ಕೂತಿರುತ್ತಾರೆಂದು ಯಾರೂ ಹೇಳಿರಲಿಲ್ಲ.

(ಉದುರಿದ ಸೊನ್ನೆ ಎಲ್ಲಿ ಹೋಯಿತೆಂದು ನನಗೊಂದು ಸಂಶಯ:
ಮಂಜೇಶ್ವರದ ಸ್ಟೇಷನ್ನಿನ ಬೋರ್ಡು ನೋಡಿ,
ಮಲಯಾಳದಲ್ಲಿ ಅದು ಮಂಜೇಶ್ವರಂ.)

ಸಾಲು ತಿದ್ದಿ ಕಳಿಸಿದೆ. ನೋಡಿಕೊಳ್ಳುವವರು ಯಾರೋ,
ಮುಖದ ಜಾಗದಲ್ಲಿ ಒಂದು ಕೊಡೆಯ ಚಿತ್ರ.
ಹನ್ನೊಂದು ವಾರ ಸದ್ದಿಲ್ಲ.
ಮತ್ತೆ ಒಂದು ವಾಕ್ಯ: ತಪ್ಪು ಮರುಕಳಿಸಿದರೆ
ಹಿಡಿಯಲು ಪರೀಕ್ಷೆ ಬೇಕು, ಪದಗಳನ್ನು ಕೊಡಿ.

ಪದ ತಾನೇ? ದೂಮಣ್ಣ ಕುರ್ಚಿ ಎಳೆದುಕೊಂಡರು.
ಎಣ್ಮಕಜೆ ಹಾಕು. ಪೈವಳಿಕೆ ಹಾಕು, ಐತ್ವ ಇರಲಿ.
ಪೆರ್ಲ, ಅರ್ಕಾವೊತ್ತಿಗೆ.
ನೀರ್ಚಾಲು. ಸೀತಾಂಗೋಳಿ. ಉಪ್ಪಳ ಬಿಟ್ಟರೆ
ನನ್ನ ಹೆಂಡತಿ ಮನೆಗೆ ಸೇರಿಸಲಿಕ್ಕಿಲ್ಲ.
ಬಸ್ಸಿನ ಕಂಡಕ್ಟರನಂತೆ ಕೂಗುತ್ತ ಹೋದರು,
ನಾನು ಟೈಪು ಮಾಡುತ್ತ ಹೋದೆ;
ಮದುವೆ ಕಾಗದದವರು ಬಂದು ಎರಡು ಸಲ ಕೆಮ್ಮಿದರು.

ಅದೀಗ ಒಳಗೆ ಸೇರಿದೆ. ‘ಧನ್ಯವಾದ’ ಎಂದಿತು ಕೊಡೆ,
ಅದಕ್ಕಿಂತ ಹೆಚ್ಚಿಲ್ಲ.
ಆಮೇಲಿಂದ ಯಾರು ಎಲ್ಲಿ ಒಂದು ಸಾಲು ಬದಲಿಸಿದರೂ
ನಾನು ಹೆಸರು ಕೇಳದ ಊರಿನ ಯಾವುದೋ ಯಂತ್ರ
ನಮ್ಮೂರುಗಳ ಹಾಜರಿ ಕರೆಯುತ್ತದೆ:
ಎಣ್ಮಕಜೆ, ಸರಿ.
ಪೈವಳಿಕೆ, ಸರಿ.
ಕುಂಬಳೆ, ಸರಿ.
ಒಮ್ಮೊಮ್ಮೆ ಊಟದ ಹೊತ್ತಿಗೆ ಆ ಪಟ್ಟಿ ತೆರೆದು
ಸುಮ್ಮನೆ ನೋಡುತ್ತೇನೆ.

ಮುಗಿಯಿತು ಅಂತಲ್ಲ.
‘ರ‍್ಯಾಂಕ್’ ಬರೆಯಲು ನಡುವೆ ಅಂಟಿನಂತೆ
ಅಗಲವೇ ಇಲ್ಲದ ಒಂದು ಅಕ್ಷರ ಬೇಕು,
ಉಪಕರಣ ಅದನ್ನು ಈಗಲೂ ನುಂಗುತ್ತದೆ.
ಅಗಲವಿಲ್ಲದ ಮೊಳೆಯೇ? ದೂಮಣ್ಣ ಬೆರಳು ಉಜ್ಜಿ ನೋಡಿದರು,
ಇಪ್ಪತ್ತಾರು ವರ್ಷದಲ್ಲಿ ಅಂಥದ್ದು ಕೈಗೆ ಸಿಕ್ಕಿಲ್ಲವಂತೆ.
ನಾಳೆ ಶಟರ್ ಇಳಿಸಿದ ಮೇಲೆ ಮತ್ತೆ ಕೂರಬೇಕು.
ಮದುವೆ ಕಾಗದ ಮುನ್ನೂರು ಬಾಕಿ ಇದೆ.